ಹದಿನೈದು ಡಿಗ್ರಿಯ ಎರಡು ಉತ್ತರ

ಕಾಲೇಜು ಸೇರಿದ ಹೊಸದರಲ್ಲಿ ಒಂದು ರಾತ್ರಿ ಕಾಸ್ 15° ಬೆಲೆ ಕಂಡುಹಿಡಿಯುವ ಲೆಕ್ಕ ಮಾಡುತ್ತಾ ಕೂತಿದ್ದೆ. 30ರ ಅರ್ಧ 15 ಅಲ್ವಾ, ಅದಕ್ಕೆ ಒಂದು ಕೋನವನ್ನೂ ಅದರ ಎರಡರಷ್ಟು ಕೋನವನ್ನೂ ಜೋಡಿಸುವ ಡಬಲ್ ಆಂಗಲ್ ಸೂತ್ರ ಹಾಕಿದೆ. ಉತ್ತರ √(2+√3)/2 ಅಂತ ಬಂತು. ಪುಸ್ತಕದ ಕೊನೆಯ ಪುಟ ತೆಗೆದು ನೋಡಿದರೆ ಅಲ್ಲಿ (√6+√2)/4 ಅಂತಿತ್ತು. ನನ್ನದರಲ್ಲಿ ರೂಟಿನ ಒಳಗೆ ಇನ್ನೊಂದು ರೂಟ್. ಅವರದರಲ್ಲಿ ಎರಡು ರೂಟ್‌ಗಳು ಅಕ್ಕಪಕ್ಕ. ತಪ್ಪಾಗಿದೆ ಅಂದುಕೊಂಡು ಹೊಡೆದು ಹಾಕಿದೆ. ಮತ್ತೆ ಮಾಡಿದೆ. ಮತ್ತೆ ಅದೇ ಬಂತು. ಮೂರನೇ ಸಲವೂ ಅದೇ.

ಕೊನೆಗೆ ಕ್ಯಾಲ್ಕುಲೇಟರ್ ತೆಗೆದು ಎರಡನ್ನೂ ಒತ್ತಿ ನೋಡಿದೆ. ಮೊದಲನೆಯದಕ್ಕೆ 0.9659258. ಎರಡನೆಯದಕ್ಕೂ 0.9659258. ಎರಡೂ ಒಂದೇ ಅಂತ ಗೊತ್ತಾಯಿತು. ಯಾಕೆ ಒಂದೇ ಅಂತ ಗೊತ್ತಾಗಲಿಲ್ಲ. ಆ 'ಯಾಕೆ' ಅವತ್ತಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಉತ್ತರ ಬಹಳ ಸುಲಭ. ಪುಸ್ತಕದ ಉತ್ತರವನ್ನು ವರ್ಗ ಮಾಡಿ. √6+√2ರ ವರ್ಗ ಅಂದರೆ 6 + 2 + 2√12. √12 ಅಂದರೆ 2√3. ಒಟ್ಟು 8 + 4√3. ಕೆಳಗಿನ 4ರ ವರ್ಗ 16. ಭಾಗಿಸಿದರೆ (2+√3)/4. ಇದರ ವರ್ಗಮೂಲ ತೆಗೆದರೆ ನಾನು ಹೊಡೆದು ಹಾಕಿದ್ದ √(2+√3)/2 ಹಾಗೇ ಎದುರಿಗೆ ನಿಲ್ಲುತ್ತದೆ. ಎರಡೂ ಧನ ಸಂಖ್ಯೆ, ಎರಡರ ವರ್ಗವೂ ಒಂದೇ, ಹಾಗಾಗಿ ಎರಡೂ ಒಂದೇ.

ಎರಡು ದಾರಿಯಲ್ಲಿ ನಡೆದು ಒಂದೇ ಜಾಗಕ್ಕೆ ಬಂದದ್ದು ಇದು. 45ರಿಂದ 30 ಕಳೆದು 15ಕ್ಕೆ ಬಂದವರಿಗೆ √6 ಮತ್ತು √2 ಸಿಗುತ್ತವೆ. 30ನ್ನು ಅರ್ಧ ಮಾಡಿಕೊಂಡು ಬಂದವರಿಗೆ ರೂಟಿನೊಳಗೆ ರೂಟ್. ನಿಖರ ಬೆಲೆಯನ್ನು ನೋಡಿದರೆ ಅದು ಯಾವ ದಾರಿಯಿಂದ ಬಂತು ಅಂತ ಹೇಳಬಹುದು. 0.9659258 ನೋಡಿದರೆ ಏನೂ ಹೇಳಲಾಗುವುದಿಲ್ಲ. ನಿಖರ ಬೆಲೆಗಳ ಮೇಲೆ ನನಗಿರುವ ಪ್ರೀತಿಗೆ ಇದೇ ಕಾರಣ.

ಸೂತ್ರವನ್ನು ಒಮ್ಮೆ ಬರೆದುಕೊಳ್ಳೋಣ. ಕೋನಕ್ಕೆ 'ಅ' ಅನ್ನೋಣ.

ಸೈನ್ 2ಅ = 2 × ಸೈನ್ ಅ × ಕಾಸ್ ಅ
ಕಾಸ್ 2ಅ = 2(ಕಾಸ್ ಅ)² − 1 = 1 − 2(ಸೈನ್ ಅ)²

ತರಗತಿಯಲ್ಲಿ ಇದನ್ನು ಎಡದಿಂದ ಬಲಕ್ಕೆ ಓದಿಸುತ್ತಾರೆ. ಸೈನ್ ಗೊತ್ತು, ಕಾಸ್ ಗೊತ್ತು, ಎರಡರಷ್ಟು ಕೋನದ ಬೆಲೆ ಹೇಳು ಅಂತ. ಅದು ಸುಮ್ನೆ ಗುಣಾಕಾರ. ನಿಜವಾದ ರುಚಿ ಇರುವುದು ತಿರುಗಿಸಿ ಓದಿದಾಗ. ಕಾಸ್ 2ಅ ಗೊತ್ತಿದೆ ಅಂದುಕೊಳ್ಳಿ. ಅದಕ್ಕೆ 1 ಕೂಡಿಸಿ, ಅರ್ಧ ಮಾಡಿ, ವರ್ಗಮೂಲ ತೆಗೆಯಿರಿ. ಕಾಸ್ ಅ ಕೈಗೆ ಬಂತು. ಕೂಡಿಸುವ ಬದಲು 1ರಿಂದ ಕಳೆದರೆ ಸೈನ್ ಅ ಬರುತ್ತದೆ. ಅಂದರೆ ಒಂದು ಕೋನ ಗೊತ್ತಿದ್ದರೆ ಅದರ ಅರ್ಧ, ಅರ್ಧದ ಅರ್ಧ, ಹೀಗೆ ಎಷ್ಟು ಬೇಕಾದರೂ ಇಳಿಯಬಹುದು. 45°ಯಿಂದ ಒಂದು ಮೆಟ್ಟಿಲು ಇಳಿದರೆ ಕಾಸ್ 22.5° = √(2+√2)/2. ಇನ್ನೊಂದು ಮೆಟ್ಟಿಲು ಇಳಿದರೆ ಕಾಸ್ 11.25° = √(2+√(2+√2))/2. ಒಂದೊಂದು ಸಲ ಅರ್ಧ ಮಾಡಿದಾಗಲೂ ಒಂದೊಂದು ರೂಟ್ ಜಾಸ್ತಿ. ರೂಟ್ ಎಣಿಸಿದರೆ ಸಾಕು, 90°ಯಿಂದ ಎಷ್ಟು ಮೆಟ್ಟಿಲು ಇಳಿದಿದ್ದೀರಿ ಅಂತ ಗೊತ್ತಾಗುತ್ತದೆ.

ಇದೆಲ್ಲ ಬೀಜಗಣಿತದ ಕೈಚಳಕ ಅನ್ನಿಸಿದರೆ ಒಂದು ಚಿತ್ರ ಬರೆದು ನೋಡಿ. ನಾನು ಈ ವಿಷಯ ಯಾರಿಗೆ ಹೇಳಿಕೊಟ್ಟರೂ ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಒಂದು ಲಂಬಕೋನ ತ್ರಿಭುಜ. ಎತ್ತರ 1, ವಿಕರ್ಣ 2, ಪಾದ √3. ಪಾದ ಮತ್ತು ವಿಕರ್ಣ ಸೇರುವ ಮೂಲೆಯಲ್ಲಿ 30° ಕೋನ. ಈಗ ಪಾದದ ಗೆರೆಯನ್ನು ಆ ಮೂಲೆಯಿಂದ ಆಚೆಗೆ ಎಳೆಯಿರಿ. ಎಷ್ಟು ಉದ್ದ? ಸರಿಯಾಗಿ ವಿಕರ್ಣದಷ್ಟು, ಅಂದರೆ 2. ಆ ಹೊಸ ತುದಿಯಿಂದ ತ್ರಿಭುಜದ ಮೇಲಿನ ತುದಿಗೆ ಒಂದು ಗೆರೆ ಹಾಕಿ. ಹಳೇ ತ್ರಿಭುಜದ ಪಕ್ಕಕ್ಕೆ ಒಂದು ಚಪ್ಪಟೆ ತ್ರಿಭುಜ ಹುಟ್ಟಿತು. ಅದರ ಎರಡು ಬಾಹುಗಳು 2 ಮತ್ತು 2. ಹಾಗಾಗಿ ಅದರ ಎರಡು ಕೋನಗಳು ಸಮ. ಅವೆರಡನ್ನು ಕೂಡಿಸಿದರೆ ಹೊರಗಿನ 30° ಬರಬೇಕು. ಅಂದಮೇಲೆ ಒಂದೊಂದೂ 15°.

ಈಗ ದೊಡ್ಡ ತ್ರಿಭುಜ ನೋಡಿ. ಎತ್ತರ ಅದೇ 1. ಪಾದ 2+√3. ಎತ್ತರವನ್ನು ಪಾದದಿಂದ ಭಾಗಿಸಿದರೆ ಬರುವುದೇ ಟ್ಯಾನ್. ಹಾಗಾಗಿ ಟ್ಯಾನ್ 15° = 1/(2+√3), ಛೇದದ ರೂಟ್ ಕಳೆದರೆ 2−√3. ಹೊಸ ವಿಕರ್ಣದ ವರ್ಗ 1 + (2+√3)², ಅಂದರೆ 8+4√3. ಮೇಲೆ ಬಂದಿದ್ದ ಅದೇ ಸಂಖ್ಯೆ! ಅದರ ವರ್ಗಮೂಲ √6+√2. ಪುಸ್ತಕದ ಹಿಂಬದಿಯ ಉತ್ತರ ಈ ತ್ರಿಭುಜದ ಓರೆ ಗೆರೆಯಲ್ಲೇ ಕೂತಿತ್ತು.

ಎತ್ತರ 1, ಪಾದ 1 ಇರುವ 45°ಯ ತ್ರಿಭುಜಕ್ಕೂ ಇದನ್ನೇ ಮಾಡಿ. ಪಾದವನ್ನು √2 ಉದ್ದ ಹೆಚ್ಚಿಸಿ. ಟ್ಯಾನ್ 22.5° = 1/(1+√2) = √2−1. ಒಂದು ಕೋನವನ್ನು ಅರ್ಧ ಮಾಡಬೇಕಾದರೆ ಪಾದಕ್ಕೆ ವಿಕರ್ಣ ಕೂಡಿಸು, ಎತ್ತರ ಮುಟ್ಟಬೇಡ. ಇಷ್ಟೇ ನಿಯಮ. ಆರ್ಕಿಮಿಡೀಸ್ ವೃತ್ತದ ಸುತ್ತ 6 ಬಾಹುಗಳ ಆಕೃತಿಯಿಂದ ಶುರು ಮಾಡಿ 12, 24, 48, 96 ಬಾಹುಗಳವರೆಗೆ ಹೋದದ್ದು ಇದೇ ಕೂಡಿಸುವಿಕೆಯಿಂದ. 30°ಯನ್ನು ನಾಲ್ಕು ಸಲ ಅರ್ಧ ಮಾಡಿ, ಪೈ ಬೆಲೆ 22/7ಕ್ಕಿಂತ ಕಡಿಮೆ ಅಂತ ತೋರಿಸಿದ. ಅವನ ಕೈಯಲ್ಲಿ ಸೈನ್, ಕಾಸ್ ಅನ್ನುವ ಹೆಸರುಗಳೇ ಇರಲಿಲ್ಲ.

ಒಂದು ಎಚ್ಚರಿಕೆ ಇದೆ. ವರ್ಗಮೂಲ ತೆಗೆಯುವಾಗ ಪ್ಲಸ್ಸೋ ಮೈನಸ್ಸೋ ಅಂತ ಸೂತ್ರ ಹೇಳುವುದಿಲ್ಲ. ಕಾಸ್ 112.5° ಬೇಕು ಅಂದುಕೊಳ್ಳಿ. ಎರಡರಷ್ಟು ಅಂದರೆ 225°. ಅದರ ಕಾಸ್ −√2/2. ಲೆಕ್ಕ ಮಾಡಿದರೆ ವರ್ಗ (2−√2)/4 ಅಂತ ಬರುತ್ತದೆ. 112.5° ಇರುವುದು ಎರಡನೇ ಕ್ವಾಡ್ರಂಟಿನಲ್ಲಿ, ಅಂದರೆ 90° ಮತ್ತು 180°ಯ ನಡುವಿನ ಕಾಲು ವೃತ್ತದಲ್ಲಿ, ಅಲ್ಲಿ ಕಾಸ್ ಋಣ. ಹಾಗಾಗಿ ಉತ್ತರ −√(2−√2)/2. ಎಷ್ಟೋ ಜನ ಇಲ್ಲಿ ಎಡವುತ್ತಾರೆ, ಯಾಕೆಂದರೆ 225°ಯ ಕ್ವಾಡ್ರಂಟ್ ನೋಡಿ ಚಿಹ್ನೆ ಹಾಕಿಬಿಡುತ್ತಾರೆ. ನೋಡಬೇಕಾದದ್ದು ಯಾವ ಕೋನದ ಬೆಲೆ ಬೇಕೋ ಅದರ ಕ್ವಾಡ್ರಂಟ್. ಈ ಉದಾಹರಣೆಯಲ್ಲಿ ಎರಡೂ ಮೈನಸ್ ಆದ್ದರಿಂದ ತಪ್ಪು ದಾರಿಯಲ್ಲೂ ಸರಿ ಉತ್ತರ ಬಂದುಬಿಡುತ್ತದೆ. ಕಾಸ್ 75°ಗೆ ಹಾಗೇ ಮಾಡಿ ನೋಡಿ. 150°ಯ ಕಾಸ್ ಋಣ, 75°ಯದು ಧನ. ಅಲ್ಲಿ ಸಿಕ್ಕಿಬೀಳುತ್ತೀರಿ.

ಅಕ್ಕನ ಮಗಳು ಈ ಪಾಠಕ್ಕೆ ಬಂದಾಗ ನನ್ನ ಹತ್ತಿರ ಕೂತು ಲೆಕ್ಕ ಮಾಡುತ್ತಿದ್ದಳು. ಎರಡು ಪುಟ ರೂಟ್ ಬರೆದ ಮೇಲೆ ಪೆನ್ ಕೆಳಗಿಟ್ಟು ಕೇಳಿದಳು:

"ಮಾಮ, ಫೋನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ. ಯಾಕೆ ಇಷ್ಟೊಂದು ಕಷ್ಟಪಡಬೇಕು?"

ನ್ಯಾಯವಾದ ಪ್ರಶ್ನೆ. ಉಪದೇಶ ಮಾಡಲು ಮನಸ್ಸು ಬರಲಿಲ್ಲ. "ಸರಿ, ಕ್ಯಾಲ್ಕುಲೇಟರಿನಲ್ಲೇ ಮಾಡು. ಕಾಸ್ 15° ನಾಲ್ಕು ಸ್ಥಾನಕ್ಕೆ ಬರೆದುಕೋ" ಅಂದೆ. 0.9659 ಅಂತ ಬರೆದಳು. "ಈಗ ಅದನ್ನೇ ಡಬಲ್ ಮಾಡಿ ಕಾಸ್ 30° ತೆಗಿ." ವರ್ಗ ಮಾಡಿ, ಎರಡರಿಂದ ಗುಣಿಸಿ, 1 ಕಳೆದಳು. 0.8659 ಬಂತು. ನಿಜವಾದ ಬೆಲೆ √3/2, ಅಂದರೆ 0.8660. ನಾಲ್ಕನೇ ಸ್ಥಾನ ಆಗಲೇ ಕೆಟ್ಟಿತ್ತು.

"ಒಂದೇ ಸಲ ಡಬಲ್ ಮಾಡಿದ್ದಕ್ಕೇ ಹೀಗಾ?" ಅಂದಳು.

ಹೌದು, ಅದಕ್ಕೊಂದು ಕಾರಣ ಇದೆ. 2(ಕಾಸ್ ಅ)² − 1 ಅನ್ನುವ ಲೆಕ್ಕದಲ್ಲಿ ಒಳಗೆ ಒಂಚೂರು ತಪ್ಪಿದ್ದರೆ ಹೊರಗೆ ಅದು ಹತ್ತಿರ ಹತ್ತಿರ 4 × ಕಾಸ್ ಅ ಪಟ್ಟು ಆಗುತ್ತದೆ. ಚಿಕ್ಕ ಕೋನಗಳಿಗೆ ಕಾಸ್ 1ರ ಹತ್ತಿರ ಇರುವುದರಿಂದ ಒಂದೊಂದು ಸಲ ಡಬಲ್ ಮಾಡಿದಾಗಲೂ ತಪ್ಪು ಸುಮಾರು ನಾಲ್ಕು ಪಟ್ಟು. ಐದು ಸಲ ಡಬಲ್ ಮಾಡಿದರೆ ಸಾವಿರ ಪಟ್ಟಿನ ಆಸುಪಾಸು. ರೂಟ್ ಹಾಕಿ ಬರೆದ ಬೆಲೆಗೆ ಈ ತೊಂದರೆ ಇಲ್ಲ. ನೂರು ಸಲ ಡಬಲ್ ಮಾಡಿ, ಒಂದು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ದಶಮಾಂಶ ಬೇಕಾದಾಗ ಕೊನೆಯಲ್ಲಿ ಒಂದೇ ಒಂದು ಸಲ ತೆಗೆದುಕೊಂಡರೆ ಆಯಿತು.

ಅವಳು ಪೆನ್ ಎತ್ತಿಕೊಂಡಳು. ನಾನು ಅವತ್ತು ಇನ್ನೊಂದು ಆಟವನ್ನೂ ತೋರಿಸಿದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಅದೇ.

499ರ ಸುಮಾರಿಗೆ ಆರ್ಯಭಟ ಕೊಟ್ಟ ಜ್ಯಾ ಪಟ್ಟಿಯಲ್ಲಿ 24 ಬೆಲೆಗಳಿವೆ. ಜ್ಯಾ ಅಂದರೆ ಬಿಲ್ಲಿನ ಹೆದೆ. ನಾವು ಇವತ್ತು ಬಳಸುವ ಸೈನ್ ಅನ್ನುವ ಹೆಸರಿನ ಬೇರು ಕೂಡ ಅದೇ ಪದ. ಕಾಲು ವೃತ್ತವನ್ನು 24 ಪಾಲು ಮಾಡಿದರೆ ಒಂದು ಪಾಲಿಗೆ 3.75°, ಅಂದರೆ 225 ನಿಮಿಷ. ತ್ರಿಜ್ಯ 3438, ಹಾಗಾಗಿ ಅವನ ಜ್ಯಾ ಅಂದರೆ ನಮ್ಮ ಸೈನ್‌ನ 3438 ಪಟ್ಟು. ಬೆಲೆಗಳನ್ನು ನೇರವಾಗಿ ಕೊಡದೆ ಒಂದರಿಂದ ಇನ್ನೊಂದಕ್ಕಿರುವ ವ್ಯತ್ಯಾಸಗಳನ್ನು ಕೊಟ್ಟಿದ್ದಾನೆ: 225, 224, 222, 219, ಹೀಗೆ. ಮೊದಲ ನಾಲ್ಕನ್ನು ಕೂಡಿಸಿ. 890. ನಾಲ್ಕನೇ ಪಾಲು ಅಂದರೆ 15°. ಸೈನ್ 15° ನಿಖರ ಬೆಲೆ (√6−√2)/4. ಅದನ್ನು 3438ರಿಂದ ಗುಣಿಸಿದರೆ 889.8. ಪಟ್ಟಿಯ 890 ಸರಿಯಾಗಿ ಕೂತಿತು ಅಲ್ವಾ!

ಆಟ ಇದು. ಈ 24 ಮನೆಗಳಲ್ಲಿ ನಿಮಗೆ ಮೊದಲೇ ಗೊತ್ತಿರುವುದು ಮೂರು. 8ನೇ ಮನೆ 30°, 12ನೇ ಮನೆ 45°, 24ನೇ ಮನೆ 90°. ಎರಡೇ ನಡೆಗಳಿಗೆ ಅವಕಾಶ. ಸಮ ಸಂಖ್ಯೆ ಇದ್ದರೆ ಅರ್ಧ ಮಾಡಬಹುದು. ಯಾವ ಸಂಖ್ಯೆಯನ್ನಾದರೂ 24ರಿಂದ ಕಳೆಯಬಹುದು, ಯಾಕೆಂದರೆ ಒಂದು ಕೋನದ ಸೈನ್ ಗೊತ್ತಿದ್ದರೆ 90ರಿಂದ ಅದನ್ನು ಕಳೆದ ಕೋನದ ಸೈನ್ ಪೈಥಾಗೊರಸ್ ಪ್ರಮೇಯದಿಂದ ಸಿಗುತ್ತದೆ. ಎಷ್ಟು ಮನೆ ಮುಟ್ಟಬಹುದು?

8ರಿಂದ ಶುರು ಮಾಡಿದಳು. 8, 4, 2, 1. ಅಲ್ಲಿಗೆ ನಿಂತಿತು. 24ರಿಂದ ಕಳೆದರೆ 16, 20, 22, 23. 20ನ್ನು ಅರ್ಧ ಮಾಡಿದರೆ 10, ಮತ್ತೆ 5. 22ರಿಂದ 11. ಮತ್ತೆ 24ರಿಂದ ಕಳೆದರೆ 14, 19, 13. 14ರಿಂದ 7, ಅದರಿಂದ 17. ಈಗ 12ರ ಸರದಿ. 12, 6, 3. ಕಳೆದರೆ 18, 21. 18ರಿಂದ 9, 9ರಿಂದ 15. ಹಾಳೆಯ ಮೇಲೆ 1ರಿಂದ 24ರವರೆಗೆ ಬರೆದಿದ್ದ ಸಂಖ್ಯೆಗಳನ್ನು ಒಂದೊಂದಾಗಿ ಸುತ್ತು ಹಾಕುತ್ತಾ ಬಂದಳು. ಕೊನೆಗೆ ಒಂದೂ ಉಳಿಯಲಿಲ್ಲ.

ಇಪ್ಪತ್ತನಾಲ್ಕೂ ಬೆಲೆಗಳು ವರ್ಗಮೂಲದಲ್ಲೇ ಬರುತ್ತವೆ. 6ನೇ ಶತಮಾನದ ವರಾಹಮಿಹಿರನ ಪಂಚಸಿದ್ಧಾಂತಿಕೆಯಲ್ಲಿ ಈ ಅರ್ಧ ಮಾಡುವ ನಿಯಮವೇ ಇದೆ, ತ್ರಿಜ್ಯ 120 ಅಂತ ಇಟ್ಟುಕೊಂಡು. ಗೊತ್ತಿರುವ ಎರಡು ಮೂರು ಕೋನಗಳಿಂದ ಒಂದು ಇಡೀ ಪಟ್ಟಿ ಕಟ್ಟಬಹುದು ಅನ್ನುವುದು ಅವರಿಗೆಲ್ಲ ಎಷ್ಟು ದೊಡ್ಡ ಅನುಕೂಲ ಆಗಿರಬೇಕು ಯೋಚಿಸಿ. ಗ್ರಹಗಳ ಲೆಕ್ಕಕ್ಕೆ ಈ ಪಟ್ಟಿ ಬೇಕೇ ಬೇಕಿತ್ತು.

ಆದರೆ 30, 45ಗಳನ್ನು ಎಷ್ಟೇ ಅರ್ಧ ಮಾಡಿದರೂ 36° ಸಿಗುವುದಿಲ್ಲ. ಅದಕ್ಕೆ ಬೇರೆ ಉಪಾಯ ಬೇಕು. ಸಾಮಾನ್ಯವಾಗಿ 18°ಗೆ ಐದರಷ್ಟು 90° ಅಂತ ಹಿಡಿದು, ಮೂರರಷ್ಟು ಕೋನದ ಸೂತ್ರವನ್ನೂ ತಂದು ಮಾಡಿಸುತ್ತಾರೆ. ನನಗೆ ಡಬಲ್ ಆಂಗಲ್ ಒಂದರಲ್ಲೇ ಮಾಡುವುದು ಇಷ್ಟ. 36ನ್ನು ಡಬಲ್ ಮಾಡಿದರೆ 72. ಮತ್ತೆ ಡಬಲ್ ಮಾಡಿದರೆ 144. 144 ಅಂದರೆ 180ರಿಂದ 36 ಕಳೆದದ್ದು. ಹಾಗಾಗಿ ಕಾಸ್ 144° ಅಂದರೆ ಮೈನಸ್ ಕಾಸ್ 36°. ಎರಡು ಸಲ ಡಬಲ್ ಮಾಡಿದರೆ ಕೋನ ತನ್ನ ಮನೆಗೇ ವಾಪಸ್ ಬರುತ್ತದೆ, ಚಿಹ್ನೆ ಮಾತ್ರ ಬದಲು.

ಕಾಸ್ 36°ಗೆ 'ಕ' ಅನ್ನೋಣ. ಎರಡು ಸಲ ಸೂತ್ರ ಹಾಕಿದರೆ:

2(2ಕ² − 1)² − 1 = −ಕ

ಬಿಡಿಸಿದರೆ 8ಕ⁴ − 8ಕ² + ಕ + 1 = 0. ನಾಲ್ಕನೇ ಘಾತ ನೋಡಿ ಹೆದರಬೇಡಿ. ಕ = −1 ಹಾಕಿ, ಸರಿಹೋಗುತ್ತದೆ. ಕ = 1/2 ಹಾಕಿ, ಅದೂ ಸರಿಹೋಗುತ್ತದೆ. ಈ ಎರಡನ್ನು ತೆಗೆದರೆ ಉಳಿಯುವುದು 4ಕ² − 2ಕ − 1 = 0. ಬರೀ ವರ್ಗಸಮೀಕರಣ. ಅದರ ಧನ ಮೂಲ (1+√5)/4. ಕಾಸ್ 36° ಸಿಕ್ಕಿತು, ಸುಮಾರು 0.809.

ನಾವು ಕರೆಯದೇ ಬಂದ ಆ −1 ಮತ್ತು 1/2 ಯಾರು? ಅವು ಕಾಸ್ 180° ಮತ್ತು ಕಾಸ್ 60°. 60ನ್ನು ಎರಡು ಸಲ ಡಬಲ್ ಮಾಡಿದರೆ 240, ಅದರ ಕಾಸ್ −1/2. ಅಂದರೆ ಎರಡು ಸಲ ಡಬಲ್ ಆಗಿ ಚಿಹ್ನೆ ಬದಲಿಸಿಕೊಂಡು ಮನೆಗೆ ಬರುವ ಕೋನ 36 ಒಂದೇ ಅಲ್ಲ. ಸಮೀಕರಣಕ್ಕೆ ನಾವು ಕೇಳಿದ್ದು ಅಷ್ಟೇ ಗುಣ, ಹಾಗಾಗಿ ಆ ಗುಣ ಇದ್ದವರೆಲ್ಲ ಬಂದರು. ನಾಲ್ಕನೆಯ ಮೂಲ (1−√5)/4. ಅದು ಕಾಸ್ 108°. ನಾಲ್ಕೂ ಮೂಲಗಳಿಗೆ ಒಂದೊಂದು ವಿಳಾಸ ಇದೆ. ಲೆಕ್ಕದಲ್ಲಿ ಬೇಡದ ಮೂಲ ಬಂದಾಗ ಅದನ್ನು ಹೊಡೆದು ಹಾಕುವ ಮುಂಚೆ ಅದು ಯಾರದು ಅಂತ ಒಮ್ಮೆ ಕೇಳುವುದು ಒಳ್ಳೆಯದು.

18° ಈಗ 36ರ ಅರ್ಧ. 18ರಿಂದ 15 ಕಳೆದರೆ 3°. ಹಾಗಾಗಿ 3, 6, 9, 12 ಹೀಗೆ ಮೂರರ ಮಗ್ಗಿಯಲ್ಲಿರುವ ಎಲ್ಲ ಡಿಗ್ರಿಗಳಿಗೂ ವರ್ಗಮೂಲದಲ್ಲಿ ನಿಖರ ಬೆಲೆ ಬರೆಯಬಹುದು. 3ರ ಅರ್ಧ 1.5, ಅದರ ಅರ್ಧ 0.75. ನಡುವಿನ 1° ಮಾತ್ರ ಸಿಗುವುದಿಲ್ಲ.

ಇದನ್ನು ಹೇಳಿದ್ದೇ ತಡ, ಅವಳು ಕೇಳಿದ್ದು 20°ಯ ಬಗ್ಗೆ. "60ನ್ನು ಮೂರು ಭಾಗ ಮಾಡಿದರೆ ಆಯ್ತಲ್ಲ ಮಾಮ?"

ಆಗುವುದಿಲ್ಲ. ಕಾಸ್ 20° ಬೆಲೆ 8ಕ³ − 6ಕ − 1 = 0 ಅನ್ನುವ ಘನ ಸಮೀಕರಣದ ಮೂಲ. ಅದನ್ನು ಇನ್ನೂ ಚಿಕ್ಕದಾಗಿ ಒಡೆಯಲು ಬರುವುದಿಲ್ಲ. ಭಿನ್ನರಾಶಿ ಮತ್ತು ವರ್ಗಮೂಲಗಳನ್ನು ಎಷ್ಟೇ ಪೇರಿಸಿದರೂ ಆ ಬೆಲೆ ಮುಟ್ಟಲಾಗದು ಅಂತ 1837ರಲ್ಲಿ ಫ್ರೆಂಚ್ ಗಣಿತಜ್ಞ ವಾಂಜೆಲ್ ಸಾಧಿಸಿ ತೋರಿಸಿದ. ಗುರುತುಗಳಿಲ್ಲದ ಪಟ್ಟಿ ಮತ್ತು ಕೈವಾರದಿಂದ 60°ಯನ್ನು ಮೂರು ಸಮಭಾಗ ಮಾಡಲಾಗದು ಅನ್ನುವುದೂ ಇದೇ ಮಾತು.

ಅವಳ ಮುಖ ಸಪ್ಪಗಾಯಿತು. "ಹಾಗಾದರೆ 20°ಗೆ ಏನೂ ಮಾಡೋಕಾಗಲ್ವಾ?"

"ಒಂದು ಮಾಡಬಹುದು" ಅಂದೆ. "20, 40, 80. ಒಂದರ ಡಬಲ್ ಇನ್ನೊಂದು. ಮೂರರ ಕಾಸ್‌ಗಳನ್ನೂ ಗುಣಿಸು. ಶುರುವಿನಲ್ಲಿ ಒಂದು ಸೈನ್ 20° ಸೇರಿಸಿಕೋ, ಕೊನೆಗೆ ತೆಗೆದುಬಿಡೋಣ."

ಅವಳು ಹಾಳೆ ತಿರುಗಿಸಿ ಬರೆಯತೊಡಗಿದಳು. ಸೈನ್ 20° × ಕಾಸ್ 20°, ಇದು ಸೈನ್ 40°ಯ ಅರ್ಧ. ಅದರ ಪಕ್ಕದಲ್ಲೇ ಕಾಸ್ 40° ಕಾಯುತ್ತಿತ್ತು. ಸೈನ್ 40° × ಕಾಸ್ 40°, ಸೈನ್ 80°ಯ ಅರ್ಧ. ಮುಂದೆ ಕಾಸ್ 80°. ಮತ್ತೆ ಅರ್ಧ, ಈಗ ಸೈನ್ 160°. ಮೂರು ಅರ್ಧ ಸೇರಿ 1/8.

"ಸೈನ್ 160°..." ಅಂತ ನಿಂತಳು. ಪೆನ್ನಿನ ತುದಿಯಿಂದ ಹಾಳೆಯ ಮೇಲೆ 180 ಅಂತ ಬರೆದು 160 ಕಳೆದಳು. ಎಡಗಡೆ ಸೈನ್ 20°, ಬಲಗಡೆಯೂ ಸೈನ್ 20°. ಎರಡನ್ನೂ ಒಂದೊಂದು ಗೆರೆ ಎಳೆದು ಹೊಡೆದಳು.

ಉಳಿದದ್ದು 1/8. ಒಂದೂ ರೂಟ್ ಇಲ್ಲ. ಒಂದೊಂದಾಗಿ ಕೇಳಿದರೆ ವರ್ಗಮೂಲಕ್ಕೆ ಸಿಗದ ಮೂರು ಸಂಖ್ಯೆಗಳು, ಗುಣಿಸಿದರೆ ಎಂಟನೇ ಒಂದು. ಅವಳು ಫೋನ್ ತೆಗೆದು ಮೂರನ್ನೂ ಒತ್ತಿ ನೋಡಿದಳು. 0.125 ಅಂತ ಬಂತು. ಫೋನ್ ಪಕ್ಕಕ್ಕಿಟ್ಟು, 36 ಮತ್ತು 72ಕ್ಕೂ ಹೀಗೇ ಆಗುತ್ತಾ ಅಂತ ತಾನಾಗಿಯೇ ಬರೆಯಲು ಶುರು ಮಾಡಿದಳು. ಸೈನ್ 144° ಬಂದಾಗ ಈ ಸಲ ನಿಲ್ಲಲಿಲ್ಲ. ನೇರವಾಗಿ ಗೆರೆ ಎಳೆದು 1/4 ಅಂತ ಬರೆದಳು.